ಚಿಕ್ಕಪ್ಪನ ಗಾಳ

ಮೀನು ಹಿಡಿಯುವುದು ಸೋಮಾರಿಗಳ ಕೆಲಸವೆಂದು ಹೇಳುವವರು ಒಮ್ಮೆ ನಮ್ಮ ಚಿಕ್ಕಪ್ಪನವರ ಜೊತೆಯಲ್ಲಿ ಅದರ ಸಿದ್ಧತೆಗೆ ನಿಲ್ಲಬೇಕು. ಹಿಡಿಯುವ ಮಾತು ಹಾಗಿರಲಿ, ಹಿಡಿಯಲು ಹೊರಡುವ ಸಂಭ್ರಮದಲ್ಲೇ ನಮ್ಮ ಸಂಸಾರ ೨೦೨೪ರ ಆಷಾಢ ಮಾಸವನ್ನು ಪೂರ್ತಿಯಾಗಿ ಕಳೆಯಿತು. ಅಷ್ಟಾಗಿಯೂ ಆ ಆಷಾಢದಲ್ಲಿ ನಮ್ಮ ಕೈಗೆ ಒಂದು ಮೀನೂ ಸಿಕ್ಕಲಿಲ್ಲ. ಹೊಳೆಯೇ ನಮ್ಮನ್ನು ಹಿಡಿಯಲು ಬೀದಿಗೆ ಬಂದಿತ್ತು.

ಚಿಕ್ಕಪ್ಪನವರದು ತೀರ್ಥಹಳ್ಳಿಯ ಹತ್ತಿರ, ತುಂಗೆಯ ದಂಡೆಯ ಒಂದು ಹಳ್ಳಿ. ವಯಸ್ಸು ಎಪ್ಪತ್ತನಾಲ್ಕು. ಮಕ್ಕಳಿಲ್ಲ. ಚಿಕ್ಕಮ್ಮ ತೀರಿಕೊಂಡ ಮೇಲೆ ಎರಡು ವರ್ಷ ಒಬ್ಬರೇ ಬೇಯಿಸಿಕೊಂಡು ಉಂಡರು. ಮೊಣಕಾಲು ಹಿಡಿದುಕೊಂಡ ಮೇಲೆ ಗದ್ದೆಯನ್ನು ಗೇಣಿಗೆ ಕೊಟ್ಟು, "ಸ್ವಲ್ಪ ದಿನ ಇದ್ದು ನೋಡುತ್ತೇನೆ, ಇರುತ್ತೇನೆ ಅಂತ ಅಲ್ಲ" ಎಂಬ ಕರಾರಿನ ಮೇಲೆ ಆ ವರ್ಷದ ಮೇ ತಿಂಗಳಲ್ಲಿ ನಮ್ಮ ಜೊತೆ ಪುಣೆಗೆ ಬಂದರು. ನಮ್ಮದು ಸಿಂಹಗಡ ರಸ್ತೆಯ ಒಂದು ಓಣಿಯಲ್ಲಿ ಮೂರನೆಯ ಮಹಡಿಯ ಮನೆ. ಅವರಿಗೆ ಮರಾಠಿ ಬಾರದು, ಹಿಂದಿಯೂ ಅಷ್ಟಕ್ಕಷ್ಟೆ. ಕೆಳಮನೆಯ ಆಜಿಯೊಬ್ಬರ ಜೊತೆ ಮಾತ್ರ ಹೇಗೋ ಸ್ನೇಹವಾಯಿತು. ಆಜಿ ಮರಾಠಿಯಲ್ಲಿ ಹೇಳುವರು, ಚಿಕ್ಕಪ್ಪ ಕನ್ನಡದಲ್ಲಿ ಉತ್ತರಿಸುವರು. ಒಂದು ತಾಸು ಹೀಗೆ ನಡೆದ ಮೇಲೆ ಇಬ್ಬರೂ ತೃಪ್ತರಾಗಿ ಏಳುವರು. ಅಷ್ಟು ಬಿಟ್ಟರೆ ದಿನವಿಡೀ ಬಾಲ್ಕನಿಯ ಕುರ್ಚಿ, ಎಲೆಅಡಿಕೆ ತಟ್ಟೆ, ಎದುರಿನ ಕಟ್ಟಡದ ಒಣಗಿದ ಬಟ್ಟೆ.

ಒಂದು ದಿನ ಕೇಳಿದರು: "ಇಷ್ಟು ದೊಡ್ಡ ಊರಲ್ಲಿ ಹೊಳೆ ಅಂತ ಒಂದು ಇಲ್ಲವೇನೋ?"

ಇಲ್ಲದೆ ಏನು? ಎರಡು ಹೊಳೆಗಳು ಕೂಡುವ ಊರು ಇದು. ಅಭಿಮಾನದಿಂದಲೇ ಡೆಕ್ಕನ್ ಕಡೆಗೆ ಕರೆದುಕೊಂಡು ಹೋಗಿ ಭಿಡೆ ಪೂಲಿನ ಮೇಲೆ ನಿಲ್ಲಿಸಿ ಮುಠೆಯನ್ನು ತೋರಿಸಿದೆವು. ಮೇ ತಿಂಗಳ ಮುಠೆಯನ್ನು ನೋಡಿದವರಿಗೆ ನಾವು ಹೆಚ್ಚು ಹೇಳಬೇಕಾಗಿಲ್ಲ. ಚಿಕ್ಕಪ್ಪ ಮೂಗಿಗೆ ಪಂಚೆಯ ಸೆರಗು ಹಿಡಿದುಕೊಂಡು ಸ್ವಲ್ಪ ಹೊತ್ತು ನೋಡಿದರು. ಮಾತಾಡಲಿಲ್ಲ. ಮನೆಗೆ ಬಂದು, ಸಾವಿನ ಮನೆಯಿಂದ ಬಂದವರ ಹಾಗೆ ಕಾಲು ತೊಳೆದುಕೊಂಡು ಒಳಗೆ ಬಂದರು.

ಜೂನ್ ಬಂತು. ಮೊದಲ ಮಳೆ ಬಿದ್ದ ರಾತ್ರಿ ಚಿಕ್ಕಪ್ಪ ಮಲಗಲಿಲ್ಲ. ಮಲೆನಾಡಿನವರಿಗೆ ಇದರ ಕಾರಣ ಗೊತ್ತು. ಬಯಲುಸೀಮೆಯ ವಾಚಕರಿಗಾಗಿ ಎರಡು ಮಾತು. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೊಳೆ ಕೆಂಪಾಗಿ ಏರುತ್ತಲೇ ಮೀನುಗಳು ಮೊಟ್ಟೆಯಿಡಲು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಹರಿವಿಗೆ ಎದುರಾಗಿ ಹತ್ತಿ ಬರುತ್ತವೆ. ಇದಕ್ಕೆ ಹತ್ತುಮೀನು ಎಂದು ಹೆಸರು. ಆ ರಾತ್ರಿ ಊರ ಗಂಡಸರು ದೊಂದಿ, ಕತ್ತಿ, ಕೂಣಿ ಹಿಡಿದು ಗದ್ದೆಗೆ ಇಳಿಯುತ್ತಾರೆ. ಮೊಟ್ಟೆ ತುಂಬಿದ ಮೀನನ್ನು ಹೀಗೆ ಕಡಿದರೆ ಮುಂದಿನ ವರ್ಷಕ್ಕೆ ಉಳಿಯುವುದೇನು ಎಂದು ನಮ್ಮ ಮಗಳು ಕೇಳಿದಳು. ಚಿಕ್ಕಪ್ಪ ತುಸು ತಡೆದು, "ಅದೂ ಸರಿಯೇ. ಈಗ ಹತ್ತುವುದೂ ಕಮ್ಮಿಯಾಗಿದೆ" ಎಂದು ಒಪ್ಪಿಕೊಂಡರು. ಆದರೆ ಒಪ್ಪಿಕೊಂಡವರಿಗೆ ನಿದ್ದೆ ಬರಬೇಕೆಂದೇನೂ ಇಲ್ಲವಲ್ಲ.

ಮರುದಿನ ಕಛೇರಿಯಲ್ಲಿ ಈ ಪ್ರಸಂಗವನ್ನು ಹೇಳಿ ನಗಾಡುತ್ತಿದ್ದಾಗ, ಪೌಡ್ ಊರಿನಿಂದ ಆಚೆಗಿನ ಹಳ್ಳಿಯವರೊಬ್ಬರು, ನಮ್ಮ ಸಹೋದ್ಯೋಗಿ, ನಗದೆ ಕೇಳಿದರು: "ವಲಗಣ?" ಅದೇ ಮಳೆ, ಅದೇ ರಾತ್ರಿ, ಅದೇ ಗದ್ದೆಗೆ ಹತ್ತುವ ಮೀನು. ಸಹ್ಯಾದ್ರಿಯ ಈ ತುದಿಯಲ್ಲಿ ಅದಕ್ಕೆ ವಲಗಣ ಎನ್ನುತ್ತಾರಂತೆ. ಅವರ ಹಳ್ಳಿಯಲ್ಲೂ ಭತ್ತದ ಗದ್ದೆ, ಗದ್ದೆಯ ಬದಿಗೆ ಹಳ್ಳ. ಹತ್ತುವ ಕಾಲ ಮುಗಿಯುತ್ತ ಬಂದಿದೆ, ಆದರೆ ಮಡುವಿನಲ್ಲಿ ಗಾಳ ಹಾಕಲು ಅಡ್ಡಿಯಿಲ್ಲ, ಕಾಕಾ ಅವರನ್ನು ಕರೆದುಕೊಂಡು ಬನ್ನಿ ಎಂದರು.

ಚಿಕ್ಕಪ್ಪನಿಗೆ ಹತ್ತು ವರ್ಷ ಕಡಮೆಯಾಯಿತು! "ಇಲ್ಲಿಯವರಿಗೂ ಗೊತ್ತನಾ? ಹಾಗಾದರೆ ಇವರೂ ಮನುಷ್ಯರೇ ಮಾರಾಯ" ಎಂದು ಅವರು ಮಹಾರಾಷ್ಟ್ರಕ್ಕೆ ಕೊಟ್ಟ ಪ್ರಶಸ್ತಿಯನ್ನು ನಾವು ಸಹೋದ್ಯೋಗಿಗೆ ಅನುವಾದಿಸಿ ಹೇಳಲಿಲ್ಲ.

ಜುಲೈ ೨೮, ಭಾನುವಾರ ಎಂದು ನಿಶ್ಚಯವಾಯಿತು. ಅಲ್ಲಿಂದ ಮುಂದೆ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ರವಿವಾರ ಪೇಟೆಯ ಬೋಹರಿ ಆಳಿಗೆ ಎರಡು ಸಲ ಹೋಗಿ ನೈಲಾನ್ ದಾರ, ಮೂರು ಅಳತೆಯ ಗಾಳಗಳನ್ನು ತಂದೆವು. ಅಂಗಡಿಯವನು ತೋರಿಸಿದ ಚಕ್ರವಿರುವ ಕೋಲನ್ನು ಚಿಕ್ಕಪ್ಪ ಮುಟ್ಟಿಯೂ ನೋಡಲಿಲ್ಲ. ಕಟ್ಟಡಕ್ಕೆ ಬಣ್ಣ ಹಚ್ಚಲು ಬಂದವರು ಬಿಟ್ಟುಹೋಗಿದ್ದ ಒಂದು ಬಿದಿರನ್ನು ಕಾವಲುಗಾರನಿಂದ ಪಡೆದು, ಗಣ್ಣು ಹೆರೆದು, ಬೆಂಕಿಗೆ ಹಿಡಿದು ನೆಟ್ಟಗೆ ಮಾಡಿ, ಎಣ್ಣೆ ಸವರಿ ಬಚ್ಚಲಿನ ಅಟ್ಟದ ಮೇಲೆ ಇಟ್ಟರು. ನಮ್ಮ ಮನೆಯಾಕೆಯ ಕರಿಬೇವಿನ ಕುಂಡವನ್ನು ಬುಡಸಮೇತ ಬಗೆದು ಎರೆಹುಳು ತೆಗೆದರು. ಅವುಗಳನ್ನು ಹಸಿಮಣ್ಣಿನೊಂದಿಗೆ ಹಾರ್ಲಿಕ್ಸ್ ಬಾಟಲಿಗೆ ತುಂಬಿ, ತಂಪಿರಲಿ ಎಂಬ ಸದುದ್ದೇಶದಿಂದ ಫ್ರಿಜ್ಜಿನಲ್ಲಿಟ್ಟರು. ಅದನ್ನು ಮೊದಲು ತೆರೆದವರು ಯಾರು, ಆಮೇಲೆ ಏನಾಯಿತು ಎಂಬುದನ್ನು ಸಂಸಾರಸ್ಥರಾದ ವಾಚಕರು ಊಹಿಸಿಕೊಳ್ಳಬಹುದು.

ಜುಲೈ ೧೭ ಆಷಾಢ ಏಕಾದಶಿ. ಪಂಢರಪುರಕ್ಕೆ ಹೋಗಲಾರದ ನಮ್ಮಂಥವರು ಹೊಳೆಯಂಚಿನ ವಿಠ್ಠಲವಾಡಿಯ ಗುಡಿಗೆ ಹೋಗುವುದು ರೂಢಿ. ಸಾಲು ಬಹಳ ಉದ್ದವಿತ್ತು. ಎಲ್ಲರೂ ವಿಠ್ಠಲನ ಕಡೆ ನೋಡುತ್ತಿದ್ದರೆ ಚಿಕ್ಕಪ್ಪ ಹಿಂದಕ್ಕೆ ತಿರುಗಿ ಹೊಳೆಯ ಕಡೆ ನೋಡುತ್ತಿದ್ದರು. ಮೇ ತಿಂಗಳ ಚರಂಡಿ ಈಗ ಹೊಳೆಯಾಗಿತ್ತು. ಬಣ್ಣ ಬಂದಿತ್ತು, ಸುಳಿ ಬಂದಿತ್ತು. "ಇದಕ್ಕೆ ಜೀವ ಬಂದಿದೆಯಲ್ಲೋ" ಎಂದರು. ಏಕಾದಶಿಯ ದಿನ, ದೇವರ ಎದುರಿಗೆ ಮೀನಿನ ಮಾತು ಬೇಡವೆಂದು ನಮ್ಮ ಮನೆಯಾಕೆ ಕಣ್ಣಲ್ಲೇ ಗದರಿದ್ದರಿಂದ ಆ ಮಾತು ಅಲ್ಲಿಗೇ ನಿಂತಿತು. ನಿಲ್ಲಿಸದೆ ಪೂರ್ತಿ ಕೇಳಿದ್ದರೆ ಚೆನ್ನಾಗಿತ್ತೇನೋ.

ಬುಧವಾರ ಜುಲೈ ೨೪ರ ರಾತ್ರಿ ಹಿಡಿದ ಮಳೆ ಬಿಡಲೇ ಇಲ್ಲ. ಆ ಒಂದು ಹಗಲು ರಾತ್ರಿಯಲ್ಲಿ ಊರಿನೊಳಗೇ ನೂರು ಮಿಲಿಮೀಟರಿಗೂ ಮಿಕ್ಕಿ ಬಿತ್ತು. ಘಟ್ಟದ ಕಡೆ ಅದರ ಮೂರು ನಾಲ್ಕು ಪಟ್ಟು. ಗುರುವಾರ ಬೆಳಗಿನ ಜಾವ ಐದಕ್ಕೆ ಎದ್ದು ನೋಡಿದರೆ ಚಿಕ್ಕಪ್ಪನ ಹಾಸಿಗೆ ಬರಿದಾಗಿತ್ತು. ಅಟ್ಟದ ಮೇಲೆ ಕೋಲಿರಲಿಲ್ಲ. ಬಾಲ್ಕನಿಗೆ ಗಡೀಪಾರಾಗಿದ್ದ ಹಾರ್ಲಿಕ್ಸ್ ಬಾಟಲಿಯೂ ಇರಲಿಲ್ಲ. ಫೋನು ಮಾತ್ರ ಗೋಡೆಗೆ ಸಿಕ್ಕಿಸಿದ್ದ ಹಾಗೇ ಇತ್ತು.

ಕಾವಲುಗಾರ, "ಕಾಕಾ ನದೀಕಡೇ ಗೇಲೇ" ಎಂದ. ಎಷ್ಟು ಹೊತ್ತಾಯಿತೆಂದರೆ ಅವನಿಗೆ ತಿಳಿಯದು.

ನಾವು ಓಡಿದೆವು. ಛತ್ರಿ ಹಿಡಿಯುವ ವ್ಯವಧಾನವಿರಲಿಲ್ಲ. ಓಣಿಯಲ್ಲಿ ದೀಪ ಹೋಗಿತ್ತು. ಕಾಲಿಗೆ ನೀರು ತಗುಲುತ್ತಿತ್ತು, ಅದು ಮಳೆಯದೋ ಹೊಳೆಯದೋ ತಿಳಿಯುವಂತಿರಲಿಲ್ಲ. ಓಣಿಯ ಕೊನೆಗೆ ಒಂದು ಸಣ್ಣ ಗುಡಿ, ಅದರ ಕಟ್ಟೆ, ಕಟ್ಟೆಯಿಂದ ಹೊಳೆಯ ಕಡೆಗೆ ಇಳಿಯುವ ಮೆಟ್ಟಿಲು. ಚಿಕ್ಕಪ್ಪ ಆ ಕಟ್ಟೆಯ ಮೇಲೆ ಕೋಲನ್ನು ಹೆಗಲಿಗೆ ಒರಗಿಸಿಕೊಂಡು ನಿಂತಿದ್ದರು. ದಾರವನ್ನು ಬಿಚ್ಚಿರಲಿಲ್ಲ. ನಮ್ಮನ್ನು ನೋಡಿ ಬೈಗುಳಕ್ಕೆ ಅವಕಾಶ ಕೊಡದೆ ಕೆಳಗೆ ಬೆರಳು ತೋರಿಸಿದರು.

"ಮೂರನೇ ಮೆಟ್ಟಿಲ ಮೇಲೆ ಒಂದು ಕಲ್ಲಿಟ್ಟು ಎಲೆಅಡಿಕೆ ಹಾಕಿಕೊಂಡೆ ಕಣೋ. ಎಲೆಅಡಿಕೆ ಇನ್ನೂ ಬಾಯಲ್ಲಿದೆ. ಕಲ್ಲಿಲ್ಲ. ಮೆಟ್ಟಿಲೂ ಇಲ್ಲ."

ನಾವು ನೋಡುತ್ತಿದ್ದಂತೆಯೇ ಉಳಿದ ಮೆಟ್ಟಿಲೂ ಕಾಣದಾಯಿತು. ಅಂಥ ದೊಡ್ಡ ಸದ್ದೇನೂ ಇರಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸುವಂತಿತ್ತು.

"ನಮ್ಮೂರ ಹೊಳೆ ಏರುವ ಮುಂಚೆ ಹೇಳುತ್ತೆ," ಎಂದರು ಚಿಕ್ಕಪ್ಪ, ಮನೆಯ ಕಡೆಗೆ ನಡೆಯುತ್ತ. "ಮೊದಲು ಬಣ್ಣ. ಆಮೇಲೆ ಕಸಕಡ್ಡಿ. ಆಮೇಲೆ ಸದ್ದು. ರಾಮಮಂಟಪ ಮುಳುಗೋ ಹೊತ್ತಿಗೆ ಕೊಟ್ಟಿಗೆಯ ದನ ಬಿಚ್ಚಿ ಆಗಿರುತ್ತೆ. ಇದು ಬಂದ ನೀರಲ್ಲ ಮಾರಾಯ. ಇದು ಬಿಟ್ಟ ನೀರು."

ಆ ಮಾತು ಅಕ್ಷರಶಃ ನಿಜವಾಗಿತ್ತು. ತೀರ್ಥಹಳ್ಳಿಯ ಮೇಲ್ಗಡೆ ತುಂಗೆಗೆ ಹೇಳಿಕೊಳ್ಳುವಂಥ ಅಣೆಕಟ್ಟಿಲ್ಲ. ಗಾಜನೂರಿನದು ಇರುವುದು ಕೆಳಗೆ. ಅಲ್ಲಿ ಹೊಳೆ ಮೋಡವನ್ನು ನೋಡಿಕೊಂಡು ಏರುತ್ತದೆ. ನಮ್ಮ ಮುಠೆಯ ನೆತ್ತಿಯ ಮೇಲೆ ನಾಲ್ಕು ಅಣೆಕಟ್ಟುಗಳು. ಪಾನಶೇತದಲ್ಲಿ ೧೦ ಟಿಎಂಸಿಗೆ ಮಿಕ್ಕಿ ನೀರು ಹಿಡಿಯುತ್ತದೆ, ವರಸಗಾಂವದಲ್ಲಿ ೧೨ಕ್ಕೆ ಮಿಕ್ಕಿ, ಟೆಮಘರದಲ್ಲಿ ೩ಕ್ಕೆ ಮಿಕ್ಕಿ. ಇವೆಲ್ಲದರ ಕೆಳಗೆ, ಊರಿಗೆ ತೀರ ಸಮೀಪದಲ್ಲಿ ಖಡಕವಾಸಲಾ. ಅದು ಹಿಡಿಯುವುದು ಸುಮಾರು ೨ ಮಾತ್ರ. ಒಂದು ಟಿಎಂಸಿ ಎಂದರೆ ೧೦೦ ಕೋಟಿ ಘನ ಅಡಿ. ಮೂರು ಹಂಡೆಗಳ ನೀರು ಒಂದು ಚೊಂಬಿಗೆ ಬೀಳುವ ವ್ಯವಸ್ಥೆ ಎನ್ನಿ. ಮೇಲಿನ ಹಂಡೆಗಳು ತುಂಬದಿದ್ದರೂ ಚೊಂಬಿನ ಸುತ್ತಲೇ ಮಳೆ ಸುರಿದರೆ ಅದು ತುಂಬುವುದಕ್ಕೆ ಹೆಚ್ಚು ಹೊತ್ತು ಬೇಡ. ತುಂಬಿದ ಮೇಲೆ ಬಾಗಿಲು ತೆರೆಯದೆ ಗತಿಯಿಲ್ಲ. ಆ ಬೆಳಿಗ್ಗೆ ಬಿಟ್ಟದ್ದು ಸೆಕೆಂಡಿಗೆ ೩೫ ಸಾವಿರ ಘನ ಅಡಿಯ ಆಸುಪಾಸು, ಅಂದರೆ ಸುಮಾರು ೧೦ ಲಕ್ಷ ಲೀಟರು. ಈ ಲೆಕ್ಕವೆಲ್ಲ ನಮಗೆ ಆಮೇಲೆ ತಿಳಿದದ್ದು. ಚಿಕ್ಕಪ್ಪನಿಗೆ ಅದನ್ನು ಎಲೆಅಡಿಕೆಯೇ ಹೇಳಿತ್ತು.

ಮನೆ ಮುಟ್ಟುವಷ್ಟರಲ್ಲಿ ಫೋನು. ಏಕತಾ ನಗರಿಯಲ್ಲಿ ನೆಲಮಹಡಿಯಲ್ಲಿರುವ, ನಮ್ಮ ಸಂಘದ ಗೆಳೆಯರು, ಧಾರವಾಡದ ಕಡೆಯವರು. "ನೀರು ಬಾಗಲಕ್ಕ ಬಂದಾವ್ರೀ. ಅವ್ವನ್ನ ಮ್ಯಾಲ ಒಯ್ಯಬೇಕು. ಲಗೂ ಬರ್ರಿ." ಅವರ ತಾಯಿ ಎಂಬತ್ತು ದಾಟಿದವರು, ಎದ್ದು ಓಡಾಡುವ ಸ್ಥಿತಿಯಲ್ಲಿ ಇಲ್ಲದವರು.

ಚಿಕ್ಕಪ್ಪನನ್ನು ಮನೆಯಲ್ಲಿ ಬಿಟ್ಟು ಹೊರಡಬೇಕೆಂದರೆ ಅವರು ಕೇಳಲಿಲ್ಲ. "ನೆರೆ ನೋಡಿದವನು ನಾನೋ ನೀನೋ?" ಎಂದರು. ದಾರಿಯಲ್ಲಿ ಅವರೇ ಮುಂದು. ಮೊಣಕಾಲು ನೋವು ಎಲ್ಲಿ ಹೋಗಿತ್ತೋ! ಗಾಳದ ಕೋಲಿನಿಂದ ಮುಂದೆ ಒಂದು ಮಾರು ನೆಲವನ್ನು ತಡಕುತ್ತ, ಅದು ಗಟ್ಟಿ ಸಿಕ್ಕಿದ ಮೇಲೆ ಹೆಜ್ಜೆ ಇಡುವುದು, ಅವರು ಇಟ್ಟಲ್ಲೇ ನಾವೂ ಇಡುವುದು. ಒಂದೆಡೆ ಕೋಲು ಗಬಕ್ಕನೆ ಅರ್ಧಕ್ಕೂ ಹೆಚ್ಚು ಒಳಗಿಳಿಯಿತು. ಚರಂಡಿಯ ಮುಚ್ಚಳ ತೇಲಿಹೋಗಿತ್ತು. ಮೇಲಿನಿಂದ ನೋಡಿದರೆ ಅಲ್ಲಿಯೂ ಎಲ್ಲ ಕಡೆಯಂತೆ ಮೊಣಕಾಲುದ್ದದ ಕೆಸರು ನೀರೇ. ನಾವು ಯಾರೂ ಮಾತಾಡಲಿಲ್ಲ. ಅದನ್ನು ಬಳಸಿಕೊಂಡು ಹೋದೆವು.

ಗೆಳೆಯರ ಮನೆಯೊಳಗೆ ನೀರು ಮಂಚದ ಕಾಲಿನ ಅರ್ಧಕ್ಕೆ ಬಂದಿತ್ತು. ಚಿಕ್ಕಪ್ಪ ಹೊಸಿಲಲ್ಲೇ ನಿಂತು ಕೇಳಿದ ಮೊದಲ ಪ್ರಶ್ನೆ: "ಕರೆಂಟು ತೆಗೆದಿದ್ದೀರಾ?" ತೆಗೆದಿರಲಿಲ್ಲ. ಹೊರಗಿನಿಂದ, ಮೆಟ್ಟಿಲ ಕೆಳಗಿದ್ದ ಪೆಟ್ಟಿಗೆಯಲ್ಲಿ ಮೆಯಿನು ಎಳೆಯುವ ತನಕ ಅವರು ಯಾರನ್ನೂ ಒಳಗೆ ಬಿಡಲಿಲ್ಲ. ಅವ್ವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಪಂಚೆಯಿಂದ ಕಟ್ಟಿ, ನಾಲ್ವರು ಹೊತ್ತು ಎರಡನೆಯ ಮಹಡಿಯ ನೆರೆಯವರ ಮನೆಗೆ ಏರಿಸಿದೆವು. ಅವರು ದಾರಿಯುದ್ದಕ್ಕೂ, "ಯಪ್ಪಾ, ಹಗೂರಕ, ನಿಮ್ಮ ಸೊಂಟ ಹಿಡಿದೀತು" ಎಂದು ನಮ್ಮ ಸೊಂಟದ ಚಿಂತೆಯನ್ನೇ ಮಾಡುತ್ತಿದ್ದರು. ಅನಂತರ ಔಷಧಿ, ಕಾಗದಪತ್ರ, ಅಕ್ಕಿ ಜೋಳದ ಡಬ್ಬಿಗಳು, ದೇವರ ಪೆಟ್ಟಿಗೆ. ಗೆಳೆಯರು ಮಾತ್ರ ಒಂದೇ ಸಮನೆ ಒಳಕೋಣೆಯ ಕಡೆ ನೋಡುತ್ತಿದ್ದರು. ಅಲ್ಲಿ ಅವರ ತೀರಿಹೋದ ತಂದೆಯವರ ಹಾರ್ಮೋನಿಯಂ ಇತ್ತು. ಅದನ್ನು ತರಲು ಹೊರಟವರ ತೋಳು ಹಿಡಿದು ಚಿಕ್ಕಪ್ಪ, "ಬ್ಯಾಡ ತಮ್ಮಾ" ಎಂದರು, ಧಾರವಾಡದ ಮಾತನ್ನು ಯಾವಾಗ ಕಲಿತರೋ. ನೀರು ಆಗಲೇ ಸೊಂಟಕ್ಕೆ ಬಂದಿತ್ತು.

ಹೊತ್ತೇರಿದ ಮೇಲೆ ದೋಣಿಗಳು ಬಂದವು, ಸೈನ್ಯದವರೂ ಬಂದರು. ಆ ಬಡಾವಣೆಯಿಂದ ಜನರನ್ನು ದೋಣಿಯಲ್ಲಿ ಸಾಗಿಸಿದ ಚಿತ್ರಗಳನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಅದೇ ದಿನ ಡೆಕ್ಕನ್ ಬಳಿಯ ಪುಲಾಚಿ ವಾಡಿಯಲ್ಲಿ ಮೊಟ್ಟೆ ಭುರ್ಜಿಯ ಗಾಡಿಯನ್ನು ನೀರಿನಿಂದ ಈಚೆಗೆ ಸರಿಸಲು ಹೋದ ಮೂವರು ತರುಣರು ವಿದ್ಯುತ್ ತಗುಲಿ ತೀರಿಕೊಂಡರು. ಸುದ್ದಿ ಕೇಳಿದಾಗ ಚಿಕ್ಕಪ್ಪ ನಮ್ಮ ಕಡೆ ನೋಡಲಿಲ್ಲ. ನಾವೂ ಅವರ ಕಡೆ ನೋಡಲಿಲ್ಲ.

ನಮ್ಮ ಮನೆಯಾಕೆ ಆ ಹಗಲೆಲ್ಲ ಯಾರೊಡನೆಯೂ ಮಾತಾಡಲಿಲ್ಲ. ಗೆಳೆಯರ ಕುಟುಂಬಕ್ಕೂ ಸೇರಿಸಿ ಹತ್ತು ಜನಕ್ಕೆ ಅಡಿಗೆ ಮಾಡಿ, ಬಡಿಸಿ, ಪಾತ್ರೆ ತೊಳೆದಿಟ್ಟು, ರಾತ್ರಿ ಮಾವನವರ ಹಾಸಿಗೆಯ ಬಳಿ ಬಂದು ಕೂತಳು. "ಮಾವ, ಆ ಮೆಟ್ಟಿಲ ಮೇಲೆ ಕಾಲು ಜಾರಿದ್ದರೆ ನಾವು ಊರಿಗೆ ಯಾವ ಮುಖ ಹೊತ್ತು ಹೋಗಬೇಕಾಗಿತ್ತು? ಹೇಳಿ. ಮೀನು ಬೇಕಾದರೆ ಮಂಡಯಿಯಿಂದ ತರಿಸುತ್ತಿದ್ದೆನಲ್ಲ."

ಚಿಕ್ಕಪ್ಪ ಬಹಳ ಹೊತ್ತಿನ ಮೇಲೆ ಹೇಳಿದರು: "ಮೀನಿಗಲ್ಲ ಕಣಮ್ಮ. ಈ ಊರಲ್ಲಿ ನಾನು ಬಲ್ಲದ್ದು ಅಂತ ಒಂದೂ ಇಲ್ಲ. ಲಿಫ್ಟಿಗೂ ಮೊಮ್ಮಗಳೇ ಬರಬೇಕು. ಹೊಳೆ ಒಂದಾದರೂ ಗೊತ್ತು ಅಂದುಕೊಂಡಿದ್ದೆ."

ಅವಳು ಎದ್ದು ಹೋಗಿ ಅವರ ಮೊಣಕಾಲಿಗೆ ಹಚ್ಚುವ ಎಣ್ಣೆ ಬಿಸಿ ಮಾಡಿಕೊಂಡು ಬಂದಳು.

ಎರಡು ದಿನ ಬಿಟ್ಟು ಕೆಳಮನೆಯ ಆಜಿ ಮೇಲೆ ಬಂದರು. ಚಿಕ್ಕಪ್ಪನ ಸಾಹಸ ಅವರ ಕಿವಿಗೂ ಬಿದ್ದಿತ್ತು. ಗದರುವ ಧಾಟಿಯಲ್ಲಿ ಆರಂಭಿಸಿದವರು ತಾವೇ ಅರವತ್ತಮೂರು ವರ್ಷ ಹಿಂದಕ್ಕೆ ಹೋದರು. ೧೯೬೧ರ ಜುಲೈ ೧೨ರಂದು ಅವರು ಹತ್ತು ವರ್ಷದ ಹುಡುಗಿ, ನಾರಾಯಣ ಪೇಟೆಯ ಒಂದು ವಾಡೆಯಲ್ಲಿ ಮನೆ. ಇನ್ನೂ ಕೆಲಸ ಮುಗಿಯದಿದ್ದ ಪಾನಶೇತದ ಮಣ್ಣಿನ ಕಟ್ಟೆ ಆ ಬೆಳಿಗ್ಗೆ ಒಡೆಯಿತು; ಸೈನಿಕರು ಮರಳಿನ ಚೀಲ ಪೇರಿಸಿ ಕಾಪಾಡಲು ಪಟ್ಟ ಶ್ರಮ ಸಾಲದಾಯಿತು. ಆ ನೀರಿನ ಭಾರಕ್ಕೆ ಕೆಳಗಿನ ಹಳೆಯ ಖಡಕವಾಸಲಾ ಕಟ್ಟೆಯೂ ಅದೇ ದಿನ ಒಡೆಯಿತು. ಜನ ಮೊದಲು ನೀರು ನೋಡಲೆಂದೇ ಹೊಳೆಯ ಕಡೆ ಹೋದರಂತೆ, ಜಾತ್ರೆಗೆ ಹೋದ ಹಾಗೆ. ಆಜಿಯ ತಂದೆಯೂ ಹೋಗಿದ್ದರು. ಅದೇ ನೀರು ಅವರನ್ನು ಬೆನ್ನಟ್ಟಿಕೊಂಡು ಮನೆಯ ತನಕ ಬಂತು. ಅವರ ತಾಯಿ ತಾಮ್ರದ ಹಂಡೆಗಾಗಿ ಮತ್ತೆ ಒಳಗೆ ಹೋಗುತ್ತೇನೆಂದು ಅತ್ತದ್ದು, ತಂದೆ ಕೈ ಬಿಡದಿದ್ದದ್ದು, ಮರುದಿನ ಬಂದು ನೋಡಿದರೆ ವಾಡೆಯ ಜಾಗದಲ್ಲಿ ಕೆಸರಿನ ದಿಬ್ಬ. ಹಂಡೆ ಕೊನೆಗೂ ಸಿಕ್ಕಲಿಲ್ಲ. ಮನೆ ಕಳಕೊಂಡ ಎಷ್ಟೋ ಕುಟುಂಬಗಳ ಹಾಗೆ ಅವರೂ ಗೋಖಲೆ ನಗರದ ಹೊಸ ವಸತಿಗೆ ಹೋದರು.

ಇದೆಲ್ಲವೂ ಮರಾಠಿಯಲ್ಲಿ. ನಾವು ನಡುವೆ ಬಾಯಿ ಹಾಕಿ ಕನ್ನಡಕ್ಕೆ ತಿರುಗಿಸಲು ನೋಡಿದರೆ ಚಿಕ್ಕಪ್ಪ ಕೈಯೆತ್ತಿ ಸುಮ್ಮನಿರಿಸಿದರು. ಹಂಡೆ ಸಿಕ್ಕಲಿಲ್ಲ ಎಂಬಲ್ಲಿ ಅವರೂ ತಲೆಯಾಡಿಸಿದರು.

ಈ ಖಡಕವಾಸಲಾ ಕಟ್ಟೆಗೂ ಕನ್ನಡಿಗರಿಗೂ ಒಂದು ನಂಟುಂಟು. ಪುಣೆಯಲ್ಲೇ ಇಂಜಿನಿಯರಿಂಗ್ ಓದಿದ ವಿಶ್ವೇಶ್ವರಯ್ಯನವರು, ನೀರು ಮಿತಿ ಮೀರಿದಾಗ ತಾವೇ ತೆರೆದು ಇಳಿದಾಗ ತಾವೇ ಮುಚ್ಚಿಕೊಳ್ಳುವ ತೂಬಿನ ಬಾಗಿಲುಗಳನ್ನು ಮೊದಲ ಬಾರಿಗೆ ೧೯೦೩ರಲ್ಲಿ ಅಳವಡಿಸಿದ್ದು ಆ ಹಳೆಯ ಕಟ್ಟೆಯ ಮೇಲೆ. ೧೯೬೧ರಲ್ಲಿ ಕಟ್ಟೆ ಒಡೆದಾಗ ಅವರಿನ್ನೂ ಬದುಕಿದ್ದರು; ೧೯೬೨ರ ಏಪ್ರಿಲಿನಲ್ಲಿ ಕಾಲವಾದರು. ಆ ಸುದ್ದಿ ಅವರಿಗೆ ಯಾರು ಹೇಳಿದರೋ, ಹೇಗೆ ಹೇಳಿದರೋ ಎಂದು ನಾವು ಒಮ್ಮೊಮ್ಮೆ ಯೋಚಿಸುವುದುಂಟು. "ಅಂದರೆ ಬಾಗಿಲು ತೆಗೆಯೋ ವಿದ್ಯೆ ಕಲಿಸಿದವರೂ ನಮ್ಮವರೇ" ಎಂದು ಚಿಕ್ಕಪ್ಪ ಹೆಮ್ಮೆಪಡುವುದೋ ನಾಚುವುದೋ ತಿಳಿಯದೆ ಸುಣ್ಣದ ಡಬ್ಬಿ ತೆಗೆದರು.

ಜುಲೈ ೨೮ರ ಪ್ರವಾಸದ ಮಾತನ್ನು ಯಾರೂ ಎತ್ತಲಿಲ್ಲ. ಆ ಭಾನುವಾರ ಗೆಳೆಯರ ಮನೆಯ ಕೆಸರು ಬಳಿಯುವುದರಲ್ಲಿ ಹೋಯಿತು. ಕೆಸರೆಂದರೆ ಗದ್ದೆಯ ಕೆಸರಲ್ಲ. ಕಪ್ಪಗೆ, ಜಿಡ್ಡಾಗಿ, ಇಡೀ ಊರಿನ ವಾಸನೆಯನ್ನೆಲ್ಲ ಹೊತ್ತದ್ದು. ಹಾರ್ಮೋನಿಯಮ್ಮನ್ನು ತಾರಸಿಯ ಮೇಲೆ ಬಿಚ್ಚಿ ಒಣಗಿಸಿದೆವು. ಎರಡು ಸ್ವರ ಏಳಲೇ ಇಲ್ಲ, ಉಳಿದವು ನೆಗಡಿ ಬಂದವರ ಹಾಗೆ ಎದ್ದವು.

ನಮ್ಮ ಸಹೋದ್ಯೋಗಿ ಬಿಡುವ ಆಸಾಮಿಯಲ್ಲ. ಆಗಸ್ಟ್ ೪, ಭಾನುವಾರ, ಆಷಾಢದ ಅಮಾವಾಸ್ಯೆ. ನಮಗೆ ಭೀಮನ ಅಮಾವಾಸ್ಯೆ, ಗಂಡನ ಪಾದಪೂಜೆ, ಇಲ್ಲಿಯವರಿಗೆ ಗಟಾರಿ. ಮರುದಿನದಿಂದ ಶ್ರಾವಣವೆಂದು ಮೀನು ಮಾಂಸವನ್ನೆಲ್ಲ ಅಂದೇ ತಿಂದು ಮುಗಿಸುವ ಹಬ್ಬ. ಅಂದೇ ಬನ್ನಿ ಎಂದರು. ಶನಿವಾರ ಮತ್ತೆ ಮಳೆ. ಭಾನುವಾರ ಬೆಳಿಗ್ಗೆ ಅವರದೇ ಫೋನು, ಘಟ್ಟದ ರಸ್ತೆ ನೆಚ್ಚುವಂತಿಲ್ಲ, ಹಳ್ಳ ಗದ್ದೆಯ ಮೇಲೆ ಹರಿಯುತ್ತಿದೆ ಎಂದು. ಇಲ್ಲಿ ಮತ್ತೆ ಅಣೆಕಟ್ಟಿನಿಂದ ನೀರು ಬಿಟ್ಟು, ಹತ್ತು ದಿನದೊಳಗೆ ಎರಡನೆಯ ಸಲ ಏಕತಾ ನಗರಿಗೆ ಸೈನ್ಯ ಬಂತು. ಈ ಸಲ ಅವ್ವ ನಮ್ಮ ಮನೆಯಲ್ಲೇ ಇದ್ದರು. ಚಿಕ್ಕಪ್ಪ ಹಿಂದಿನ ರಾತ್ರಿಯೇ ಗೆಳೆಯರಿಗೆ ಫೋನು ಮಾಡಿಸಿ, ಮಂಚದ ಕೆಳಗೆ ಇಟ್ಟಿಗೆ ಇಡಿಸಿ, ಮೆಯಿನು ತೆಗೆಸಿ ಕೂತಿದ್ದರು. ನಮ್ಮ ಮಗಳು ಅಣೆಕಟ್ಟಿನಿಂದ ಎಷ್ಟು ಕ್ಯೂಸೆಕ್ ಬಿಟ್ಟರೆಂಬುದನ್ನು ಫೋನಿನಲ್ಲಿ ನೋಡಿ ಹೇಳುವುದು, ಅವರು ಅದನ್ನು ಕ್ಯಾಲೆಂಡರಿನ ಮೇಲೆ ಬರೆದಿಡುವುದು. ತೀರ್ಥಹಳ್ಳಿಯಲ್ಲಿ ರಾಮಮಂಟಪ ಹೇಗೋ ಹಾಗೆ ಇಲ್ಲಿ ಭಿಡೆ ಪೂಲು ಎಂಬುದನ್ನೂ ಅವರು ಕಂಡುಕೊಂಡಿದ್ದರು. ಅದು ಮುಳುಗಿತು ಎಂದರೆ, "ಸರಿ, ಇನ್ನು ಇಂತಿಷ್ಟು ಹೊತ್ತಿಗೆ ಓಣಿಗೆ ಬರುತ್ತೆ" ಎಂದು ಲೆಕ್ಕ ಹಾಕುವರು. ಭಿಡೆ ಪೂಲು ನಮ್ಮ ಓಣಿಗಿಂತ ಕೆಳಗಡೆ ಇದೆ, ನೀರು ಅಲ್ಲಿಂದ ಇಲ್ಲಿಗೆ ಬರುವುದಿಲ್ಲ ಎಂದು ನಾವು ಹೇಳಿದ ಮೇಲೆ ಲೆಕ್ಕ ತಿದ್ದಿಕೊಂಡರು.

ಮಗಳು ಆ ದಿನಗಳಲ್ಲೇ ಇನ್ನೊಂದು ಸಂಗತಿಯನ್ನು ಹುಡುಕಿ ತಂದಳು. ಶೃಂಗೇರಿಯಲ್ಲಿ ಮಠದ ಮುಂದೆ, ತೀರ್ಥಹಳ್ಳಿಯ ಬಳಿ ಚಿಬ್ಬಲಗುಡ್ಡೆಯಲ್ಲಿ, ಯಾರೂ ಹಿಡಿಯದ ದೇವರ ಮೀನುಗಳಿವೆಯಲ್ಲ, ಮಂಡಕ್ಕಿ ಎಸೆದರೆ ತೊಡೆಗಾತ್ರದವು ಮೇಲೇಳುತ್ತವಲ್ಲ. ಆ ಮಹಸೀರ್ ಕುಲದಲ್ಲಿ ದಕ್ಷಿಣದ ಮೀನೊಂದಕ್ಕೆ ಶಾಸ್ತ್ರಜ್ಞರು ಇಟ್ಟ ಹೆಸರು ಖುದ್ರಿ. ಅದು ಮರಾಠಿಯವರ ಮಾತು. ಸೈಕ್ಸ್ ಎಂಬ ಇಂಗ್ಲಿಷ್ ಸೇನಾಧಿಕಾರಿ ೧೮೩೯ರಲ್ಲಿ ಅದನ್ನು ಮೊದಲು ವರ್ಣಿಸಿದ್ದು ಪುಣೆಯ ಮೂಡಲಿಗೆ, ಇದೇ ಮುಳಾ-ಮುಠೆಯಲ್ಲಿ ಸಿಕ್ಕಿದ ಮೀನನ್ನು ನೋಡಿ. ನಾವು ಮ್ಯಾಪು ಹರಡಿ ಕೂತೆವು. ಮುಠೆ ಮುಳೆಯನ್ನು ಕೂಡಿ ಭೀಮೆಗೆ, ಭೀಮೆ ರಾಯಚೂರಿನ ಬಳಿ ಕೃಷ್ಣೆಗೆ. ತುಂಗೆ ಭದ್ರೆಯನ್ನು ಕೂಡಿ, ಹಂಪೆಯನ್ನು ಹಾದು, ಆಂಧ್ರ ತೆಲಂಗಾಣಗಳ ಗಡಿಯಲ್ಲಿ ಅದೇ ಕೃಷ್ಣೆಗೆ. ಚಿಕ್ಕಪ್ಪ ಒಂದು ಬೆರಳನ್ನು ತೀರ್ಥಹಳ್ಳಿಯಿಂದಲೂ ಇನ್ನೊಂದನ್ನು ಪುಣೆಯಿಂದಲೂ ಹೊರಡಿಸಿ, ನಿಧಾನವಾಗಿ ನಡೆಸಿ, ಎರಡನ್ನೂ ಕೂಡಿಸಿದರು.

"ಹಾಗಾದರೆ ಆ ಮೀನು ಈಗ ಇಲ್ಲಿ ಇದೆಯಾ?" ಎಂದರು.

ಊರೊಳಗೆ ಇಲ್ಲ, ಚರಂಡಿ ಸೇರಿದ ಹೊಳೆಯಲ್ಲಿ ಅದು ಬದುಕುವ ಜಾತಿಯಲ್ಲ. ಲೋಣಾವಳದಲ್ಲಿ ಟಾಟಾದವರು ಅದರ ಮರಿ ಮಾಡಿಸಿ ಕೆರೆಗಳಿಗೆ ಬಿಡುವ ಕೆಲಸವನ್ನು ೧೯೭೦ರ ದಶಕದಿಂದ ನಡೆಸಿದರೆಂದು ಮಗಳು ಓದಿ ಹೇಳಿದಳು. ಚಿಕ್ಕಪ್ಪ ಕೇಳಿಸಿಕೊಂಡರು. "ಹೆಸರು ಇಲ್ಲೇ ಇಟ್ಟು ಮೀನನ್ನ ಓಡಿಸಿಬಿಟ್ಟರನಾ" ಎಂದರು.

ದೀಪಾವಳಿ ಕಳೆದ ಮೇಲೆ, ಹಳ್ಳ ತಿಳಿಯಾಗಿ ಮೊಣಕಾಲುದ್ದಕ್ಕೆ ಇಳಿದಾಗ, ಕೊನೆಗೂ ಆ ಹಳ್ಳಿಗೆ ಹೋದೆವು. ಧಾರವಾಡದ ಗೆಳೆಯರೂ ಬಂದರು. ಅವರು ಮೀನು ಮುಟ್ಟದ ಮನೆತನ, ಗಾಳಕ್ಕೆ ಹುಳು ಸಿಕ್ಕಿಸುವಾಗ ಮುಖ ತಿರುಗಿಸಿ ನಿಂತರು, ಆದರೆ ಚಿಕ್ಕಪ್ಪನ ಕುರ್ಚಿಯನ್ನು ಹೊತ್ತು ತಂದವರು ಅವರೇ. ಸಹೋದ್ಯೋಗಿಯ ತಂದೆಯೂ ಚಿಕ್ಕಪ್ಪನೂ ಅಕ್ಕಪಕ್ಕ ಕೂತು, ತಮ್ಮ ತಮ್ಮ ಭಾಷೆಯಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿದರು. ಸಂಜೆಯ ಹೊತ್ತಿಗೆ ಸಿಕ್ಕಿದ್ದು ಅಂಗೈ ಅಗಲದ ಎರಡು ಚಿಲಾಪಿ ಮತ್ತು ಒಂದು ಬೆರಳುದ್ದದ ಗೆಂಡೆ. ಗೆಂಡೆಯನ್ನು ಚಿಕ್ಕಪ್ಪ ನೀರಿಗೆ ಬಿಟ್ಟರು. ಚಿಲಾಪಿಯನ್ನು ಆ ಮನೆಯವರೇ ಹುರಿದುಕೊಟ್ಟರು. ಉಪ್ಪು ಸ್ವಲ್ಪ ಹೆಚ್ಚಾಗಿತ್ತು.

ಸಂಕ್ರಾಂತಿಗೆ ಚಿಕ್ಕಪ್ಪ ಊರಿಗೆ ಹೋದರು. ಕರಾರಿನಂತೆ, ಇದ್ದು ನೋಡಿಯಾಗಿತ್ತು. ಕೋಲನ್ನು ಒಯ್ಯಲಿಲ್ಲ. "ಅಲ್ಲೇ ಇರಲಿ, ಮಳೆಗಾಲದಲ್ಲಿ ಬೇಕಾಗುತ್ತೆ" ಎಂದರು. ಯಾವುದಕ್ಕೆಂದು ನಾವು ಕೇಳಲಿಲ್ಲ. ಅದು ಈಗಲೂ ಬಚ್ಚಲಿನ ಅಟ್ಟದ ಮೇಲೆಯೇ ಇದೆ.

ಮಳೆಗಾಲ ಬಂತೆಂದರೆ ಬೆಳಿಗ್ಗೆ ಐದೂವರೆಗೆ ಫೋನು ಬರುತ್ತದೆ. ಮೊದಲು ಅವರ ಕಡೆಯ ವರದಿ, ರಾಮಮಂಟಪಕ್ಕೆ ಇನ್ನೆಷ್ಟು ಬಾಕಿ ಎಂದು. ಆಮೇಲೆ ಕೇಳುತ್ತಾರೆ: "ಅಲ್ಲಿ ಎಷ್ಟು ಬಿಟ್ಟರಂತೆ? ಧಾರವಾಡದ ಅವ್ವನ್ನ ಮೇಲೆ ಕಳಿಸಿದಿರಾ?"